ಬದುವಿನ ಮೇಲೆ ಕೂತವನಿಗೆ ಒಳ್ಳೆಯದಾಗಲಿ

ಅದಿರಿನ ಲಾರಿಗಳು ಸಂಡೂರಿನಿಂದ ಸಾಲುಗಟ್ಟಿ ಇಳಿಯುತ್ತಿದ್ದ ಆ ವರ್ಷಗಳಲ್ಲಿ ಗಾದಿಗನೂರಿನ ನಮ್ಮ ಕಡೆ ಎಲ್ಲಕ್ಕೂ ಒಂದೇ ಬಣ್ಣ. ಎಮ್ಮೆ ಕೆಂಪು, ಬಾಳೆ ಕೆಂಪು, ನಾವೂ ಕೆಂಪು. ಸಮಾನತೆಗಾಗಿ ಮಹನೀಯರು ತಲೆತಲಾಂತರ ಹೋರಾಡಿದ್ದನ್ನು ಧೂಳು ಒಂದೆರಡು ಬೇಸಿಗೆಯಲ್ಲಿ ಸಾಧಿಸಿ ತೋರಿಸಿತ್ತು.

ಸಾಧಿಸದೆ ಬಿಟ್ಟದ್ದು ನನ್ನ ಮತ್ತು ತಮ್ಮನ ರಾಜಿಯೊಂದನ್ನೇ. ಅವನು ತನ್ನ ಪಾಲಿನ ಹೊಲವನ್ನು ಅದಿರು ಗುಡ್ಡೆ ಹಾಕುವವರಿಗೆ ಬಾಡಿಗೆಗೆ ಕೊಟ್ಟು ಹೊಸಪೇಟೆಯಲ್ಲಿ ಮನೆ ಕಟ್ಟಿಸಿಕೊಂಡು ಹೋದ. ಗುಡ್ಡೆಯ ಧೂಳು ಪಕ್ಕದ ನನ್ನ ಬಾಳೆಯ ಮೇಲೆ ಬಿತ್ತು. ಮಾತು ಬಿಟ್ಟೆವು. ನನ್ನ ಜೊತೆಗಿದ್ದ ಅವ್ವ ಯಾರ ಪಕ್ಷವನ್ನೂ ಹಿಡಿಯಲಿಲ್ಲ. ಸಂಜೆ ಊಟಕ್ಕೆ ನನ್ನ ಗಂಗಾಳದ ಪಕ್ಕ ಇನ್ನೊಂದು ಗಂಗಾಳ ಇಡತೊಡಗಿದಳು. ಅದಕ್ಕೂ ರೊಟ್ಟಿ, ಪಲ್ಯ ಬಡಿಸಿ ಎದುರಿಗೆ ಕೂತು ನೋಡುವಳು.

"ಯಾರಿಗವ್ವಾ ಅದು?"

"ಬರೋನಿಗೆ. ನನ್ನ ಕಣ್ಣು ಮುಚ್ಚೋದ್ರಾಗ ಇಬ್ರೂ ಕೂಡಿ ಒಂದ್ಸಾರಿ ಉಂಡ್ರ ಸಾಕು ನನಗ."

"ಅವ ಬರಂಗಿಲ್ಲ."

"ನೀ ಉಣ್ಣು. ನಿನಗ್ಯಾಕ ಅವನ ಗಂಗಾಳದ ಚಿಂತಿ?"

ಆಮೇಲೆ ಆ ರೊಟ್ಟಿ ಎಮ್ಮೆಗೆ ಹೋಗುತ್ತಿತ್ತು, ನಿಜ. ಆದರೆ ಬಡಿಸಿಟ್ಟ ಗಂಗಾಳದ ಪಕ್ಕ ಕೂತು ಉಣ್ಣುವಾಗ ಪಕ್ಕದಲ್ಲಿ ಯಾರೋ ಉಸಿರಾಡಿದಂತಾಗುತ್ತಿತ್ತು.

ಆ ಚಳಿಗಾಲ ಮುಂಡಗೋಡದ ಕಡೆಯ ಬೌದ್ಧ ಭಿಕ್ಷು ಒಬ್ಬರು ಹಂಪಿ ನೋಡಲು ಬಂದು ಕಮಲಾಪುರದಲ್ಲಿ ಕೋಣೆ ಹಿಡಿದಿದ್ದರು. ಮುಖ ಟಿಬೆಟಿನದು, ಕನ್ನಡ ನಮ್ಮದೇ. ಬಾಳೆಗೊನೆ ಹಾಕಲು ಹೋದಾಗ ಚಹದಂಗಡಿಯಲ್ಲಿ ಪರಿಚಯವಾಯಿತು. ಸಿಟ್ಟಿಗೆ ಏನಾದರೂ ಔಷಧ ಐತೇನ್ರಿ ಎಂದು ಕೇಳಿದೆ.

"ಔಷಧ ಇಲ್ರಿ, ಕಣ್ಣು ಮುಚ್ಚಿ ಕುಂದ್ರೋದೈತಿ," ಎಂದರು. "ಮೊದಲ ನಿಮಗ ಒಳ್ಳೇದಾಗ್ಲಿ ಅನ್ರಿ. ಆಮ್ಯಾಲ ಬೇಕಾದವರಿಗೆ. ಆಮ್ಯಾಲ ಗುರ್ತಿಲ್ಲದವರು ಯಾರರ ಒಬ್ಬರಿಗೆ. ಕಡೀಗೆ ಬ್ಯಾಡಾದವರಿಗೆ. ಜಲ್ದಿ ಮಾಡಬ್ಯಾಡ್ರಿ ಮತ್ತ."

ಮರುದಿನ ಮುಂಜಾನೆಯಿಂದಲೇ ಹೊಲದ ಪಂಪ್‌ಸೆಟ್ ಕೋಣೆಯ ಕಟ್ಟೆಯ ಮೇಲೆ ಕರುಣೆಯ ಅಭ್ಯಾಸ ವಿಧ್ಯುಕ್ತವಾಗಿ ಆರಂಭವಾಯಿತು. ನನಗೆ ಒಳ್ಳೆಯದನ್ನು ಬಯಸುವುದರಲ್ಲಿ ನಾನು ಮೊದಲಿನಿಂದಲೂ ನುರಿತವನು. ಅವ್ವನಿಗೆ ಬಯಸುವುದೂ ಕಷ್ಟವಾಗಲಿಲ್ಲ. ಗುರ್ತಿಲ್ಲದವನನ್ನು ಹುಡುಕಿಕೊಂಡು ಹೋಗಬೇಕಾಗಿ ಬರಲಿಲ್ಲ. ನನ್ನ ಹೊಲಕ್ಕೂ ತಮ್ಮನ ಹೊಲಕ್ಕೂ ನಡುವಿನ ಬದುವಿನ ತುದಿಯಲ್ಲಿ ಒಬ್ಬ ಕೂತಿರುತ್ತಿದ್ದ. ತಲೆ, ಮುಖ ಸೇರಿಸಿ ಟವೆಲ್ ಸುತ್ತಿಕೊಂಡು, ಮೈಯೆಲ್ಲ ಕೆಂಪಾಗಿ, ಅಲುಗದೆ ಕೂತಿರುವನು. ಸರದಿಗೆ ಕಾಯುವ ಯಾವುದೋ ಲಾರಿಯವನು ಎಂದುಕೊಂಡೆ.

ನಾಲ್ಕನೆಯ ಪಾಠದಲ್ಲಿ ನಪಾಸಾದೆ. ತಮ್ಮನ ಮುಖ ತಂದುಕೊಂಡರೆ ಅದು ಬಾಯಿ ತೆರೆದು ಜಗಳ ಶುರುಮಾಡುತ್ತಿತ್ತು. ಹಾಗಾಗಿ ಮೂರನೆಯದರಲ್ಲೇ ಬೀಡುಬಿಟ್ಟೆ. ಬದುವಿನವನಿಗೆ ಒಳ್ಳೆಯದಾಗಲಿ, ಬದುವಿನವನಿಗೆ ಒಳ್ಳೆಯದಾಗಲಿ.

ಬರಬರುತ್ತ ಒಂದು ವಿಚಿತ್ರ ಗಮನಕ್ಕೆ ಬಂತು. ಕಣ್ಣು ತೆರೆದರೆ ಅವನು ಇದ್ದಲ್ಲೇ ಇರುತ್ತಿದ್ದ. ಮುಚ್ಚಿದರೆ ಹತ್ತಿರ ಬರುತ್ತಿದ್ದ. ಮೊದಲು ಬಾಳೆಯ ಸಾಲಿನವರೆಗೆ, ಆಮೇಲೆ ಕಾಲುವೆಯವರೆಗೆ, ಆಮೇಲೆ ಕಟ್ಟೆಯ ಕೆಳಗೆ. ಒಂದು ಮುಂಜಾನೆ ಟವೆಲ್ಲಿನೊಳಗಿನ ಬಿಸಿ ಉಸಿರು ನನ್ನ ಮೊಣಕಾಲಿಗೆ ತಾಗಿತು. ಕಣ್ಣು ತೆರೆದೆ. ಅವನು ಬದುವಿನ ಮೇಲೇ ಇದ್ದ.

ಇಷ್ಟು ಹತ್ತಿರದವನಿಗೆ ಮಜ್ಜಿಗೆಯನ್ನೂ ಕೊಡದಿದ್ದರೆ ಮರ್ಯಾದೆಯಲ್ಲ ಎಂದು ಧೈರ್ಯ ತಂದುಕೊಂಡು, ಮರುದಿನ ತಂಬಿಗೆ ಹಿಡಿದು ಹೊರಟೆ. ಅವನು ಕಾಣುತ್ತಲೇ ಇದ್ದ. ಅಷ್ಟರಲ್ಲಿ ದೀಪ ಹಾಕಿಕೊಂಡ ಲಾರಿಯೊಂದು ಗುಡ್ಡೆಯ ಕಡೆಗೆ ಹಾದು ಧೂಳೆಬ್ಬಿಸಿತು. ಧೂಳು ಇಳಿದಾಗ ಬದು ಖಾಲಿ. ಅಲ್ಲಿ ಹಿಟ್ಟಿನಂತೆ ಹರಡಿದ್ದ ಕೆಂಪು ಧೂಳಿನಲ್ಲಿ ನನ್ನ ಹೆಜ್ಜೆ ಬಿಟ್ಟರೆ ಇನ್ನೊಂದು ಹೆಜ್ಜೆ ಇರಲಿಲ್ಲ.

ಗುಡ್ಡೆ ಕಾಯುವವನು ಬಂದ. ಇಲ್ಲಿ ಕೂತಿದ್ದವನು ಯಾರೆಂದು ಕೇಳಿದೆ.

"ನಿಮ್ಮ ತಮ್ಮಾರು ಅಲ್ಲೇನ್ರಿ! ಟವೆಲ್ ಸುತ್ಗೊಂಡು ನಿಮ್ಮನ್ನ ನೋಡ್ಕೋತ ಕುಂದ್ರತಿದ್ರು."

"ಈಗ ಎತ್ತಾಗ ಹೋದ?"

"ಈಗೆಲ್ಲಿ ಬರ್ತಾರ್ರಿ? ಬರೋದು ಬಿಟ್ಟು ತಿಂಗಳ ಮ್ಯಾಲಾತು. ಆರಾಮಿಲ್ಲಂತ, ಹಾಸಿಗಿ ಹಿಡಿದಾರ. ಮಜ್ಜಿಗಿ ನನಗ ತಂದ್ರೇನು?"

ತಂಬಿಗೆಯನ್ನು ಅವನ ಕೈಗೆ ಕೊಟ್ಟು ಹೊಸಪೇಟೆಯ ಬಸ್ಸು ಹತ್ತಿದೆ.

ಹೊಸಪೇಟೆಯ ಆ ಹೊಸ ಮನೆಯ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ, ಬೂದುಗುಂಬಳ ಎಲ್ಲ ಸಾಲಾಗಿ ತೂಗುತ್ತಿದ್ದವು. ಒಳಗೆ ಮಂಚದ ಮೇಲೆ ತಮ್ಮ ಅರ್ಧವಾಗಿದ್ದ. ನನ್ನನ್ನು ಕಂಡದ್ದೇ ಮುಖದ ಮೇಲೆ ಕಂಬಳಿ ಎಳೆದುಕೊಂಡ.

"ನಿಲ್ಸಿಬಿಡಣ್ಣ."

"ಏನ್ ನಿಲ್ಸಲಿ?"

"ಮಾಟ. ರಾಜಿ ಆಗೋಣಂತ ಬಂದು ಕುಂತಿದ್ದೆ ನಾನು. ನೋಡಿದ್ರ ನೀ ದಿನಾ ನನ್ನ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ, ಬಾಯಾಗ ಏನೋ ಅಂತಿದ್ದಿ. ಅವತ್ತಿನಿಂದ ಅನ್ನ ಸೇರವಲ್ದು."

"ಲೇ, ಒಳ್ಳೇದಾಗ್ಲಿ ಅಂತಿದ್ನೋ!"

"ನನಗಾ?"

ಇಲ್ಲಿ ಹೌದು ಎಂದುಬಿಟ್ಟಿದ್ದರೆ ಕೆಲಸ ಮುಗಿಯುತ್ತಿತ್ತು. ಅಭ್ಯಾಸಬಲದಿಂದ ಸತ್ಯ ಬಂತು: "ನೀ ಅಂತ ಗೊತ್ತಿರಲಿಲ್ಲ."

ಕಂಬಳಿ ಅಲುಗಿತು. ಕೆಮ್ಮೋ ನಗುವೋ ತಿಳಿಯಲಿಲ್ಲ. ಆಮೇಲೆ ಮುಖ ಹೊರಗೆ ಬಂತು. "ಹಂಗಾದ್ರ ಖರೇನ ಇರಬೇಕು ಬಿಡು. ಗುರ್ತು ಹಿಡಿದಿದ್ರ ನೀ ಹಂಗ ಅಂತಿರಲಿಲ್ಲ."

ಅವತ್ತೇ ಅವನನ್ನು ಆಟೊದಲ್ಲಿ ಊರಿಗೆ ಕರೆತಂದೆ. ಅವ್ವ ಆಶ್ಚರ್ಯಪಡುವ ಗೋಜಿಗೆ ಹೋಗಲಿಲ್ಲ. ಎರಡು ಗಂಗಾಳ ಇಟ್ಟು, "ಕೈ ತೊಳ್ಕೊರ್ರಿ," ಎಂದಳು. ತಮ್ಮ ಒಂದೂವರೆ ರೊಟ್ಟಿ ತಿಂದ. ಅವ್ವ ಉಳಿದರ್ಧವನ್ನು ತಾನು ತಿಂದಳು. ಎಮ್ಮೆಗೆ ಏನೂ ಸಿಗಲಿಲ್ಲ.

ಮುಂಜಾನೆ ಅವನೂ ನನ್ನ ಜೊತೆ ಕಟ್ಟೆಗೆ ಬಂದು ಕೂತ. ಸ್ವಲ್ಪ ಹೊತ್ತಿಗೆ ನನ್ನ ತೋಳು ಹಿಡಿದ.

"ಅಣ್ಣ, ಬದುವಿನ ಮ್ಯಾಲ ಯಾರು ಅವ?"

"ಗುರ್ತಿಲ್ಲ," ಎಂದೆ. "ಕಣ್ಣು ಮುಚ್ಚು. ಮೊದಲ ನಿನಗ ಒಳ್ಳೇದಾಗ್ಲಿ ಅನ್ನು."

ಗುರ್ತಿಲ್ಲದವರ ಸರದಿ ಬಂದಾಗ ನಾವಿಬ್ಬರೂ, ಒಬ್ಬರಿಗೊಬ್ಬರು ಹೇಳದೆ, ಒಂದಿಷ್ಟು ಆಚೀಚೆ ಸರಿದು ಕಟ್ಟೆಯ ಮೇಲೆ ನಡುವೆ ಒಬ್ಬನಿಗಾಗುವಷ್ಟು ಜಾಗ ಬಿಟ್ಟು ಕೂತೆವು.