ಬೆವರುಸಾಲೆಗೆ ಮೊದಲ ಮಳೆ

ಮೊದಲ ಮಳೆಯಲ್ಲಿ ಮಿಂದರೆ ಬೆವರುಸಾಲೆ ಹೋಗುತ್ತದೆ ಎಂಬುದು ಉಡುಪಿ ಕಡೆಯವರಾದ ನಮ್ಮ ಅತ್ತೆಯ ನಂಬಿಕೆ. ಆದರೆ ನಾವಿರುವುದು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ. ಇಲ್ಲಿ ಬೇಸಿಗೆಯುದ್ದಕ್ಕೂ ಕೆಮಿಕಲ್ ಕಂಪನಿಗಳಿಂದ ಬಂದು ಗಾಳಿಯಲ್ಲಿ ನಿಂತ ಹೊಗೆಯೆಲ್ಲ ಮೊದಲ ಮಳೆಯ ಜೊತೆಗೇ ಕೆಳಗಿಳಿಯುತ್ತದೆ.

ಆ ಸಂಜೆ ಮಳೆ ಶುರುವಾದಾಗ ಬಾಲ್ಕನಿಯಲ್ಲಿದ್ದ ಬಟ್ಟೆಗಳನ್ನು ಒಳಗೆಳೆಯುತ್ತಿದ್ದೆ. ಬಿಳಿ ಪಂಚೆಯ ಮೇಲೆ ಬಿದ್ದ ಹನಿಗಳು ಹಳದಿ ಕಲೆಯಾಗಿ ಉಳಿದವು. ಮೂಗಿಗೆ ಹುಳಿ ಘಾಟು ಬಡಿಯಿತು. ಮನೆಯಲ್ಲೇಕೆ ಸದ್ದೇ ಇಲ್ಲ ಎಂದು ತಿರುಗಿ ನೋಡಿದರೆ ಅತ್ತೆಯೂ ಇಲ್ಲ, ಎಂಟು ವರ್ಷದ ಮಗಳೂ ಇಲ್ಲ.

ನಾಲ್ಕು ಮಾಳಿಗೆ ಹೇಗೆ ಹತ್ತಿದೆನೋ ತಿಳಿಯದು. ಟೆರೇಸಿನಲ್ಲಿ ಮಗಳು ಮುಖ ಮೇಲೆತ್ತಿ, ಕಣ್ಣು ಬಿಟ್ಟುಕೊಂಡೇ ನಿಂತಿದ್ದಳು. ಅತ್ತೆ ಅವಳ ಬೆನ್ನು ಉಜ್ಜುತ್ತಿದ್ದರು.

"ಅತ್ತೆ, ಅವಳನ್ನು ಒಳಗೆ ಕರ್ಕೊಂಡು ಬನ್ನಿ!"

"ಎಂತಕ್ಕೆ ಬೊಬ್ಬೆ ಹೊಡೀತಿ ಮಾರಾಯ್ತಿ? ಮಳೆಯಲ್ಲಿ ಮಿಂದು ಸತ್ತವರು ಯಾರಾದ್ರೂ ಉಂಟಾ?"

ಅಷ್ಟರಲ್ಲಿ ಮಗಳು ಎರಡೂ ಕೈಗಳಿಂದ ಕಣ್ಣು ಮುಚ್ಚಿಕೊಂಡಳು. "ಮಮ್ಮಿ, ಜಲ್ ರಹಾ ಹೈ! ಕಣ್ಣು ಉರೀತಿದೆ!"

ಕೆಳಗೆ ಎತ್ತಿಕೊಂಡು ಬಂದು, ಬಚ್ಚಲಲ್ಲಿ ತಲೆ ಬಗ್ಗಿಸಿ, ಮಗ್ಗಿನ ಮೇಲೆ ಮಗ್ಗು ನಲ್ಲಿ ನೀರು ಹುಯ್ದೆ. ಅವಳ ರೆಪ್ಪೆ ಬಿಗಿದುಕೊಂಡೇ ಇತ್ತು. ತೆರೆ ಎನ್ನಲು ನನಗೇ ಧೈರ್ಯವಿರಲಿಲ್ಲ. ತೆರೆದು, ಏನೂ ಕಾಣಿಸುತ್ತಿಲ್ಲ ಎಂದುಬಿಟ್ಟರೆ?

ಕೊನೆಗೆ ಅವಳೇ ಕೆಂಪಡರಿದ ಕಣ್ಣುಗಳನ್ನು ತೆರೆದು ನನ್ನ ಹಣೆ ನೋಡಿದಳು. "ಮಮ್ಮಿ, ಬಿಂದಿ ಕಹಾಂ ಗಯೀ?" ನನ್ನ ಹಣೆಯ ಬಿಂದಿ ಮಳೆಯಲ್ಲಿ ಎಲ್ಲೋ ಬಿದ್ದುಹೋಗಿತ್ತು.

ಅವಳನ್ನು ತಬ್ಬಿಕೊಂಡೇ ಹೊರಗೆ ಬಂದೆ. ಅತ್ತೆ ಅಡುಗೆಮನೆಯ ಸಿಂಕಿಗೆ ಬಗ್ಗಿ, ಸದ್ದಾಗದಂತೆ ತಮ್ಮ ಕಣ್ಣಿಗೂ ನೀರು ಚಿಮುಕಿಸಿಕೊಳ್ಳುತ್ತಿದ್ದರು.