ಹೊಂಬಾಳಮ್ಮನೂ ಮುಂದಿನ ಚಕ್ರಗಳೂ

ಬಸರಾಳು ಕಡೆಯ ಗದ್ದೆಬಯಲಿನಲ್ಲಿ ಹೊಂಬಾಳಮ್ಮನಿಗೆ ಕೆಸರಿನ ವಿಷಯದಲ್ಲಿ ಬುದ್ಧಿ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಗಂಡ ಸತ್ತ ವರ್ಷವೇ ಟ್ರ್ಯಾಕ್ಟರ್ ಹತ್ತಿ, ಇಪ್ಪತ್ತು ವರ್ಷ ಊರವರ ಗದ್ದೆಗಳನ್ನೆಲ್ಲ ನಾಟಿಗೆ ಹದ ಮಾಡಿಕೊಟ್ಟ ಹೆಂಗಸು. ಹೋದ ತಿಂಗಳು ಅವಳು ಹಳೆಯ ಫೋರ್‌ವೀಲ್ ಜೀಪು ಕೊಂಡಾಗ ಮದ್ದೂರಿನ ಮೆಕ್ಯಾನಿಕ್ ನಿಜಾಮುದ್ದೀನ್ ಪಾಠ ಶುರು ಮಾಡಿದ.

"ಅಕ್ಕಾ, ಕೆಸ್ರಿಗೆ ಬುಡೋ ಮುಂಚೆ ಕೆಳಗಿಳ್ದು ಮುಂದಿನ್ ಎರಡು ಚಕ್ರದ ನಡುವಿರೋ ಲಾಕು ತಿರುಗ್ಸು. ಆಮೇಲೆ ಚಿಕ್ಕ ಗೇರು ಆಕು. ಇಲ್ದಿದ್ರೆ ಮುಂದಿನ್ ಚಕ್ರಕ್ಕೆ ಸಕ್ತಿ ಬರಾಕಿಲ್ಲ. ಸಿಕ್ಕಾಕೊಂಡ್ರೆ ಮಾತ್ರ ರೇಸ್ ಮಾಡ್ಬ್ಯಾಡ."

"ನಂಗೇ ಕೆಸ್ರು ಏಳ್ಕೊಡ್ತೀಯೇನ್ಲಾ?" ಎಂದು ಅವಳು ನಕ್ಕಿದ್ದಳು.

ಒಂದು ದಿನ ಬೆಳಗ್ಗೆ ಪಕ್ಕದ ಮನೆ ಅಂಕಮ್ಮನ ಮಗಳು ಶ್ವೇತಳಿಗೆ ಕಬ್ಬಿನ ಗದ್ದೆಯಲ್ಲಿ ನಾಗರ ಕಚ್ಚಿತು. ತಾಯಿ-ಮಗಳಿಬ್ಬರನ್ನೂ ಹಿಂದಿನ ಸೀಟಿಗೆ ಹತ್ತಿಸಿಕೊಂಡು ಹೊಂಬಾಳಮ್ಮ ಮಂಡ್ಯದ ಆಸ್ಪತ್ರೆಗೆ ಹೊರಟಳು. ಟಾರು ರಸ್ತೆಗೆ ಇನ್ನು ಇನ್ನೂರು ಮಾರು. ನಾಲೆ ನೀರು ನುಗ್ಗಿ ಗದ್ದೆ ದಾರಿ ಕೆಸರಾಗಿತ್ತು. ಇಳಿದು ಲಾಕು ತಿರುಗಿಸಲು ಪುರುಸೊತ್ತು ಯಾರಿಗಿದೆ? ನುಗ್ಗಿಸಿಯೇಬಿಟ್ಟಳು.

ನಡುದಾರಿಯಲ್ಲಿ ಜೀಪು ನಿಂತಿತು. ಅವಳ ಕಾಲು ಅಭ್ಯಾಸಬಲದಿಂದ ಆಕ್ಸಿಲರೇಟರ್ ಅದುಮಿತು. ಟ್ರ್ಯಾಕ್ಟರಿನ ಕಬ್ಬಿಣದ ಚಕ್ರವಾಗಿದ್ದರೆ ನೆಲ ಕಚ್ಚಿ ಎದ್ದು ಬರುತ್ತಿತ್ತು. ಜೀಪಿನ ಹಿಂದಿನ ಚಕ್ರಗಳು ಗುಂಡಿ ತೋಡಿಕೊಂಡವು. ಇನ್ನೊಮ್ಮೆ ಅದುಮಿದಳು. ಮತ್ತೊಮ್ಮೆ. ಇಪ್ಪತ್ತು ವರ್ಷ ಕಲಿತದ್ದು ಸುಳ್ಳಾಗುವುದುಂಟೇ ಎಂಬ ಹಟ! ಅಚ್ಚು ಮುಳುಗುವವರೆಗೂ ಬಿಡಲಿಲ್ಲ.

"ಅಕ್ಕಾ, ಮಗೀಗೆ ಕಣ್ಣೇ ಬುಡಕಾಯ್ತಿಲ್ಲ ಕಣಕ್ಕಾ!" ಅಂಕಮ್ಮ ಚೀರಿದಳು.

ಹೊಂಬಾಳಮ್ಮ ಆಕ್ಸಿಲರೇಟರಿನಿಂದ ಕಾಲು ತೆಗೆದಳು. ಕೆಳಗಿಳಿದು, ಮೊಣಕಾಲೂರಿ, ಕೆಸರೊಳಗೆ ಕೈ ತೂರಿಸಿ ಲಾಕು ಹುಡುಕಿದಳು. ಒಂದು ತಿರುಗಿತು. ಇನ್ನೊಂದು ಜಪ್ಪಯ್ಯ ಅನ್ನಲಿಲ್ಲ. ಸ್ಪ್ಯಾನರಿನಿಂದ ಬಡಿದು, ಉಗುರು ಕಿತ್ತುಹೋದರೂ ಬಿಡದೆ ತಿರುಗಿಸಿದಳು. ಬದುವಿನ ಮೇಲಿದ್ದ ಕಬ್ಬಿನ ತರಗು ತಂದು ಚಕ್ರಗಳ ಹಿಂದೆ ತುರುಕಿದಳು. ಚಿಕ್ಕ ಗೇರು ಹಾಕಿ, ಸ್ಟೇರಿಂಗ್ ನೇರ ಹಿಡಿದು, ಬಂದ ಜಾಡಿನಲ್ಲೇ ಮೆಲ್ಲಗೆ ಹಿಂದಕ್ಕೆ ಬಿಟ್ಟಳು. ಜೀಪು ನಡುಗಿತು, ಜಾರಿತು, ಕೊನೆಗೆ ಎದ್ದಿತು. ಈ ಸಲ ಬದುವಿನ ಅಂಚು ಹಿಡಿದು, ಎಲ್ಲೂ ನಿಲ್ಲಿಸದೆ, ಎಲ್ಲೂ ಅವಸರಿಸದೆ ದಾಟಿದಳು.

ಆಸ್ಪತ್ರೆಯಲ್ಲಿ ಶ್ವೇತಳಿಗೆ ಉಸಿರಾಡಲು ಕೊಳವೆ ಹಾಕಿದರು. ಮೂರನೆಯ ದಿನ ಅವಳು ಕಣ್ಣು ಬಿಟ್ಟಾಗ ಅಂಕಮ್ಮ ಹೊರಗೆ ಓಡಿ ಬಂದು, "ನೀನೇ ನಮ್ ದ್ಯಾವ್ರು ಕಣಕ್ಕಾ" ಎಂದು ಹೊಂಬಾಳಮ್ಮನ ಕಾಲಿಗೆ ಬಿದ್ದಳು.

ಹೊಂಬಾಳಮ್ಮ ಕಾಲು ಹಿಂದಕ್ಕೆಳೆದುಕೊಂಡಳು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ಏಳಮ್ಮಿ. ಅರ್ಧ ಗಂಟೆ ನಿನ್ ಮಗಳ್ನ ಕೆಸ್ರಲ್ಲಿ ಕೂರ್ಸಿದ್ದು ನಾನೇ ಕಣೇ. ಮೊದ್ಲೇ ಇಳ್ದಿದ್ರೆ ಒಂದ್ ನಿಮಿಸದ್ ಕೆಲ್ಸ."