ಎಡಗೈಯ ತೀರ್ಥ

ಯಾಮಿನಿಗೆ ಸಿಟ್ಟು ಬಂದಾಗ ಮಾತ್ರ ಕನ್ನಡ ಬರುತ್ತದೆ. ಉಳಿದ ಹೊತ್ತಿನಲ್ಲಿ ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ. ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ ಬೆಳೆದ ಹುಡುಗಿ, ಅದರಲ್ಲಿ ವಿಶೇಷವೇನಿಲ್ಲ. ಆದರೆ ಈ ವರ್ಷ ಅವಳ ಕನ್ನಡ ತುಂಬ ಸುಧಾರಿಸಿದೆ.

ಅವಳ ಅಪ್ಪ ದತ್ತಾತ್ರೇಯ ಸೆಲ್ಲಿ ಓಕ್ ಕಡೆ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರು. ಅಮ್ಮ ಸುಚೇತಾ ಹುಣ್ಣಿಮೆಗೆ ಸತ್ಯನಾರಾಯಣ ಪೂಜೆ ಇಟ್ಟುಕೊಂಡು ಊರಿನ ಕನ್ನಡದವರನ್ನೆಲ್ಲ ಕರೆಯುತ್ತಾರೆ. ನಾನು ಸ್ವಲ್ಪ ಮುಂಚೆ ಹೋಗಿ ಅಡುಗೆಮನೆಯಲ್ಲಿ ಕೈಜೋಡಿಸುತ್ತೇನೆ. ಯಾಮಿನಿ ನನಗೆ ಪರಿಚಯವಾದದ್ದು ಅಲ್ಲೇ. ಹೂರಣ ತುಂಬಿದ ಕಣಕವನ್ನು ಅವಳು ಲಟ್ಟಿಸುವಾಗ ಬಲಗೈ ಮಣಿಕಟ್ಟು ಹಗುರಾಗಿ ತಿರುಗುತ್ತಿತ್ತು, ಒಂದು ಹೋಳಿಗೆಯೂ ಒಡೆಯುತ್ತಿರಲಿಲ್ಲ. ಯಾರೂ ಹೇಳಿಕೊಟ್ಟದ್ದಲ್ಲ. ಆ ಹುಡುಗಿ ಫಾರ್ಮಸಿ ಓದನ್ನು ಅರ್ಧಕ್ಕೆ ಬಿಟ್ಟು ಅಡುಗೆ ಕಲಿಯಲು ಹೋದಾಗ ನನಗೆ ಆಶ್ಚರ್ಯವಾಗಲಿಲ್ಲ. ಅಪ್ಪ ಅಮ್ಮ ಮಾತ್ರ ಬಂದವರಿಗೆಲ್ಲ, "ಒಂದು ವರ್ಷ ಬ್ರೇಕ್ ತಗೊಂಡಿದಾಳೆ" ಎನ್ನುತ್ತಿದ್ದರು.

ಟ್ಯಾಮ್‌ವರ್ತ್‌ನಲ್ಲಿ ಛಾವಣಿಯ ಕೆಳಗೇ ಹಿಮ ಹಾಸಿದ ಇಳಿಜಾರಿದೆ. ಶನಿವಾರ ಭಾನುವಾರ ಅದರ ಪಕ್ಕದ ಕೆಫೆಯಲ್ಲಿ ಕೆಲಸ ಮಾಡುತ್ತಲೇ ಯಾಮಿನಿ ಒಂದೇ ಹಲಗೆಯ ಮೇಲೆ ನಿಂತು ಹಿಮದಲ್ಲಿ ಜಾರುವ ಸ್ನೋಬೋರ್ಡಿಂಗ್ ಕಲಿತಳು. ಹೋದ ಚಳಿಗಾಲದಲ್ಲಿ ಫ್ರಾನ್ಸಿನ ಹಿಮದ ಬೆಟ್ಟದಲ್ಲಿ, ಪ್ರವಾಸಿಗರು ಇಳಿದುಕೊಳ್ಳುವ ಮನೆಯೊಂದರಲ್ಲಿ ಅವಳಿಗೆ ಅಡುಗೆಯ ಕೆಲಸ ಸಿಕ್ಕಿತು. ಬೆಳಿಗ್ಗೆ ಬ್ರೆಡ್ಡು, ಸಂಜೆ ಊಟ. ನಡುವೆ ಬಿಡುವಾದಾಗ ಬೋರ್ಡು. ಅದು ಮುಗಿದ ಮೇಲೆ ಏಪ್ರಿಲಿನಿಂದ ಲೀಡ್ಸ್‌ನ ಒಂದು ಒಳ್ಳೆಯ ಹೋಟೆಲಿನ ಅಡುಗೆಮನೆಯಲ್ಲಿ ಜಾಗವೂ ಗಟ್ಟಿಯಾಗಿತ್ತು.

ಸುಚೇತಾ ಎಲ್ಲರಿಗೂ ಹೇಳಿದ್ದು, "ಫ್ರಾನ್ಸಲ್ಲಿ ಟ್ರೇನಿಂಗು."

ಜನವರಿ ಕೊನೆಯಲ್ಲಿ, ಮಂಜುಗಡ್ಡೆಯಂತೆ ಗಟ್ಟಿಯಾಗಿದ್ದ ಇಳಿಜಾರಿನಲ್ಲಿ ವೇಗವಾಗಿ ಇಳಿಯುವಾಗ ಬೋರ್ಡಿನ ಅಂಚು ಸಿಕ್ಕಿಕೊಂಡು ಯಾಮಿನಿ ಮುಂದಕ್ಕೆ ಎಗರಿ ಬಿದ್ದಳು. ಮೈಭಾರವೆಲ್ಲ ಬಲ ಅಂಗೈ ಮೇಲೆ. ಅಲ್ಲಿನ ಡಾಕ್ಟರಮ್ಮ ಹೆಬ್ಬೆರಳಿನ ಬುಡ ಒತ್ತಿ ನೋಡಿದಾಗ ಯಾಮಿನಿ ಕೂಗಿಕೊಂಡಳಂತೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಆದರೂ ಆಕೆ ಹೆಬ್ಬೆರಳು ಸೇರಿಸಿ ಪ್ಲಾಸ್ಟರ್ ಹಾಕಿ, ಈ ಮೂಳೆಯ ಬಿರುಕು ಮೊದಲು ಕಾಣುವುದಿಲ್ಲ, ಎರಡು ವಾರ ಬಿಟ್ಟು ಮತ್ತೆ ಚಿತ್ರ ತೆಗೆಸು, ಅಲ್ಲಿಯವರೆಗೆ ಬಿಚ್ಚಬೇಡ ಎಂದರು. ಒಂದೇ ಕೈಯ ಅಡುಗೆಯವಳು ಕಂಪನಿಗೆ ಬೇಡವಾದಳು. ಅವಳ ಜಾಗಕ್ಕೆ ಬೇರೆ ಹುಡುಗಿ ಬಂದಳು. ಯಾಮಿನಿ ಮನೆಗೆ ಬಂದಳು.

ಬಂದ ಆ ವಾರದಲ್ಲೇ ಹುಣ್ಣಿಮೆ.

ನಾನು ಹೋದಾಗ ಸಿಂಕಿನ ತುಂಬ ಬಿಳಿ ನೀರು. ದೋಸೆ ಹಿಟ್ಟು ಚೆಲ್ಲಿರಬೇಕು ಅಂದುಕೊಂಡು ತೊಳೆದುಬಿಟ್ಟೆ. ಅದು ಹಿಟ್ಟಲ್ಲ, ಅವಳ ಕೈಯ ಪ್ಲಾಸ್ಟರು. ಹಿಂದಿನ ದಿನವಷ್ಟೇ ದತ್ತಾತ್ರೇಯ ಎಕ್ಸ್‌ರೇಯ ಫೋಟೊವನ್ನು ಗೆಳೆಯ ಅಶ್ವಥ್‌ಗೆ ವಾಟ್ಸ್ಯಾಪ್ ಮಾಡಿದ್ದರು. ಅಶ್ವಥ್ ನಿವೃತ್ತ ಮೂಳೆ ಡಾಕ್ಟರು, ಜೀವಮಾನವೆಲ್ಲ ಸೊಂಟ ಮಂಡಿ ಬದಲಿಸಿದವರು. "ಮೂಳೆ ಚೆನ್ನಾಗಿದೆ, ಬರೀ ಉಳುಕು, ಕೈ ಆಡಿಸಲಿ" ಅಂತ ಉತ್ತರ ಬಂತು. ಬೆಳಿಗ್ಗೆ ಅಪ್ಪ ಮಗಳ ಕೈಯನ್ನು ಬಿಸಿನೀರಲ್ಲಿ ನೆನೆಸಿ, ಪ್ಲಾಸ್ಟರನ್ನು ಕತ್ತರಿಯಿಂದ ಕತ್ತರಿಸಿ ತೆಗೆದಿದ್ದರು.

"ಇವತ್ತೇ ಯಾಕೆ ತೆಗೀಬೇಕು ಅಂತ ಕೇಳ್ದೆ ಆಂಟಿ," ಎಂದು ಯಾಮಿನಿ ಆಮೇಲೆ ನನಗೆ ಹೇಳಿದಳು. "ಅಮ್ಮ ಏನಂದ್ರು ಗೊತ್ತಾ? ತೀರ್ಥ ಎಡಗೈಲಿ ತಗೋತೀಯಾ, ಅಷ್ಟು ಜನ ನೋಡ್ತಾರೆ, ಅಂದ್ರು. ದೇವರು ನೋಡ್ತಾನೆ ಅನ್ಲಿಲ್ಲ. ಜನ ನೋಡ್ತಾರೆ."

ಅಂದು ಅವಳು ಸೀರೆಯುಟ್ಟು, ಊದಿದ ಬಲಗೈಯನ್ನು ಬಟ್ಟಲು ಮಾಡಿ ತೀರ್ಥ ತೆಗೆದುಕೊಂಡಳು. ಹಲ್ಲು ಕಚ್ಚಿದ್ದು ನನಗೆ ಕಾಣಿಸಿತು. ಯಾಕಮ್ಮಾ ಎಂದರೆ, "ನಥಿಂಗ್ ಆಂಟಿ" ಎಂದಳು.

ನಮ್ಮಲ್ಲೊಂದು ಪದ್ಧತಿಯಿದೆ. ಪ್ರಸಾದ ಆದ ಮೇಲೆ ಡಾಕ್ಟರುಗಳ ಸುತ್ತ ಜನ ಸೇರುತ್ತಾರೆ. ಒಬ್ಬರದ್ದು ಮಂಡಿ, ಒಬ್ಬರದ್ದು ಭುಜ. ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಕಾಯುವುದಕ್ಕಿಂತ ಇದು ವಾಸಿ, ನಮ್ಮವರೇ ಅಲ್ಲವೇ ಎಂಬ ಧೈರ್ಯ. ಅಂದು ಅಶ್ವಥ್ ಸೋಫಾದಲ್ಲಿ ಕೂತು ಸಜ್ಜಿಗೆ ಪ್ರಸಾದ ತಿನ್ನುತ್ತಲೇ ಯಾಮಿನಿಯನ್ನು ಕರೆದರು. "ಏನಮ್ಮ ಪುಟ್ಟಿ, ಕೈ ಹೇಗಿದೆ? ನಡೆಯೋಕೆ ಬರದೆ ಫ್ರಾನ್ಸ್ ತನಕ ಹೋಗಿ ಜಾರಿ ಬಿದ್ಯಂತೆ." ಎಲ್ಲ ನಕ್ಕರು. ಅವರು ಪ್ರಸಾದದ ತಟ್ಟೆ ಕೆಳಗಿಡಲಿಲ್ಲ. ಅವಳ ಕೈ ಮುಟ್ಟಿಯೂ ನೋಡಲಿಲ್ಲ.

ಏಪ್ರಿಲಿನಲ್ಲಿ ಯಾಮಿನಿ ಲೀಡ್ಸ್‌ಗೆ ಹೋದಳು. ನೋವು ಉಳುಕಿನದು, ಹೋಗುತ್ತದೆ ಎಂದುಕೊಂಡೇ ಹೋದಳು. ಎರಡು ವಾರದ ಚಿತ್ರವನ್ನು ಯಾರೂ ತೆಗೆಸಿರಲಿಲ್ಲ. ಮನೆಯಲ್ಲೇ ಇಬ್ಬರು ಡಾಕ್ಟರು ನೋಡಿದ ಮೇಲೆ ಅದರ ಅಗತ್ಯ ಯಾರಿಗೂ ಕಾಣಲಿಲ್ಲ. ಹಿಟ್ಟು ನಾದುವಾಗ ಕೈ ಸೋಲುತ್ತಿತ್ತು. ಒಂದು ದಿನ ಸೂಪಿನ ಪಾತ್ರೆ ಎತ್ತಲು ಹೋಗಿ ಬೀಳಿಸಿದಳು. ಬಿಸಿ ಸೂಪು ಪಕ್ಕದವಳ ಕಾಲಿಗೆ ಸಿಡಿಯಿತು. ಅಲ್ಲಿನ ಮುಖ್ಯ ಅಡುಗೆಯವರು ಅವಳನ್ನೇ ಆಸ್ಪತ್ರೆಗೆ ಕಳಿಸಿದರು. ಸ್ಕ್ಯಾನಿನಲ್ಲಿ ಹೆಬ್ಬೆರಳಿನ ಬುಡದ ಸಣ್ಣ ಮೂಳೆ ಎರಡಾಗಿತ್ತು. ಒಂದು ತುಂಡಿಗೆ ರಕ್ತ ಸರಿಯಾಗಿ ಹರಿಯುತ್ತಿರಲಿಲ್ಲ. ಸೊಂಟದಿಂದ ಮೂಳೆ ತೆಗೆದು ಕೂರಿಸಿ ಸ್ಕ್ರೂ ಹಾಕಬೇಕು, ಆಮೇಲೂ ಮಣಿಕಟ್ಟು ಮೊದಲಿನಂತೆ ತಿರುಗುತ್ತದೆಂದು ಹೇಳಲಾಗದು ಎಂದರು. ಲೀಡ್ಸ್‌ನವರು ಅಷ್ಟು ಕಾಯಲಾರದೆ ಬೇರೆಯವರನ್ನು ತೆಗೆದುಕೊಂಡರು.

ಸುಚೇತಾ ಈ ಸುದ್ದಿಯನ್ನು ನನಗೆ ಫೋನಿನಲ್ಲಿ ಹೇಳುತ್ತ, "ಎಲ್ಲ ಒಳ್ಳೇದಕ್ಕೇ ಕಣ್ರಿ, ಓದು ಮುಗಿಸು ಅಂತ ದೇವರೇ ದಾರಿ ತೋರಿಸ್ತಿದಾನೆ" ಎಂದರು. ನನ್ನ ಮೈ ಉರಿದುಹೋಯಿತು. ದಿನಾ ದೀಪ ಹಚ್ಚುವವಳು ನಾನು. ಮಗುವಿನ ಕೈ ಮುರಿದು ದಾರಿ ತೋರಿಸುವ ದೇವರು ನನಗೆ ಗೊತ್ತಿಲ್ಲ. "ದೇವರು ಪ್ಲಾಸ್ಟರ್ ಕತ್ತರಿಸಲಿಲ್ಲ ಸುಚೇತಾ" ಎಂದೆ. ಅವರು ಫೋನ್ ಇಟ್ಟರು.

ಆಪರೇಷನ್ ಆಯಿತು. ಕೈ ನೆಟ್ಟಗಾಗಲಿ ಎಂದು ಸುಚೇತಾ ಮತ್ತೆ ಪೂಜೆ ಇಟ್ಟರು. ಕರ್ಪೂರದ ಹೊಗೆಗೆ ಕೂಗದಿರಲಿ ಎಂದು ಸ್ಮೋಕ್ ಅಲಾರ್ಮ್‌ಗೆ ಎಂದಿನಂತೆ ಶವರ್ ಕ್ಯಾಪ್ ತೊಡಿಸಿದ್ದರು. ಯಾಮಿನಿ ಜೀನ್ಸಿನಲ್ಲಿ, ಮೊಣಕೈವರೆಗಿನ ಹೊಸ ಪ್ಲಾಸ್ಟರಿನಲ್ಲಿ ಮಹಡಿಯಿಂದ ಇಳಿದು ಬಂದು ನನ್ನ ಪಕ್ಕ ಕೂತಳು.

"ಅಯ್ಯೋ, ಫುಟ್‌ಪಾತ್ ಮೇಲೆ ಜಾರಿದ್ದು ಇಷ್ಟು ದೊಡ್ಡದಾಯ್ತಾ?" ಎಂದರು ಪೂಜೆಗೆ ಬಂದಿದ್ದ ಚಂದ್ರಿಕಾ.

"ಫುಟ್‌ಪಾತ್ ಅಲ್ಲ ಆಂಟಿ," ಯಾಮಿನಿ ಕನ್ನಡದಲ್ಲೇ ಹೇಳಿದಳು. "ಸ್ನೋಬೋರ್ಡ್ ಮೇಲಿಂದ ಬಿದ್ದೆ, ಸ್ಪೀಡಲ್ಲಿ. ಟ್ರೇನಿಂಗೂ ಅಲ್ಲ. ಅಡುಗೆ ಕೆಲಸಕ್ಕೆ ಹೋಗಿದ್ದೆ."

ಅಶ್ವಥ್ ದತ್ತಾತ್ರೇಯರ ಕಡೆ ತಿರುಗಿದರು. "ಏನಯ್ಯಾ ದತ್ತ, ಫುಟ್‌ಪಾತ್ ಮೇಲೆ ಮೆತ್ತಗೆ ಕಾಲು ಜಾರ್ತು ಅಂತಲ್ವೇನೋ ನನಗೆ ಹೇಳಿದ್ದು? ಸ್ಪೀಡಲ್ಲಿ ಕೈಯೂರಿ ಬಿದ್ಳು ಅಂದಿದ್ರೆ ನಾನು ಬಿಚ್ಚು ಅಂತಿದ್ನಾ?"

ದತ್ತಾತ್ರೇಯ ಕನ್ನಡಕ ತೆಗೆದು ಒರೆಸತೊಡಗಿದರು. ತನ್ನ ಗೆಳೆಯನಿಗೆ, ಡಾಕ್ಟರಿಗೆ, ಒಬ್ಬ ಡಾಕ್ಟರೇ ಸುಳ್ಳು ಹೇಳಿದ್ದ, ಮಗಳು ಅಡುಗೆಯವಳೆಂದು ಹೇಳಲಾಗದೆ.

"ಹೇಗೆ ಬಿದ್ಳು ಅಂತ ನೀವು ಅಪ್ಪನ್ನ ಕೇಳಿದ್ರಿ ಅಂಕಲ್," ಎಂದಳು ಯಾಮಿನಿ. "ಆವತ್ತು ಪೂಜೇಲಿ ನಾನು ಎದುರಿಗೇ ನಿಂತಿದ್ದೆ. ನನ್ನನ್ನ ಕೇಳ್ಲಿಲ್ಲ. ಕೈ ಮುಟ್ಟಲೂ ಇಲ್ಲ."

ಅಷ್ಟರಲ್ಲಿ ಮಂಗಳಾರತಿ ಮುಗಿಸಿದ ಪುರೋಹಿತರು ತೀರ್ಥ ಹಿಡಿದು ಬಂದರು. ಸುಮುಖ್ ಭಟ್ಟರು ವಾರವೆಲ್ಲ ಬರ್ಚ್‌ವುಡ್ ಊರಿನ ಕಂಪನಿಯೊಂದರಲ್ಲಿ ಇಂಜಿನಿಯರು, ರಜೆಯ ದಿನ ಪೂಜೆ ಮಾಡಿಸುತ್ತಾರೆ. ಸಾಲು ನಮ್ಮ ಹತ್ತಿರ ಬಂದಾಗ ಸುಚೇತಾ ಮುಂದೆ ಬಂದು, "ಅವಳದ್ದು ನನ್ನ ಕೈಗೇ ಹಾಕಿ, ನಾನು ಕುಡಿಸ್ತೀನಿ" ಎಂದರು.

"ಯಾಕಮ್ಮ, ಇನ್ನೊಂದು ಕೈ ಇದೆಯಲ್ಲ," ಎಂದರು ಭಟ್ಟರು. "ಕೊಡಮ್ಮ."

ಯಾಮಿನಿ ಎಡಗೈ ಚಾಚಿದಳು. ಅವರು ಮಂತ್ರವನ್ನೂ ನಿಲ್ಲಿಸದೆ ಉದ್ಧರಣೆಯಿಂದ ತೀರ್ಥ ಹಾಕಿ ನನ್ನತ್ತ ತಿರುಗಿದರು. ಯಾರೂ ಏನೂ ಅನ್ನಲಿಲ್ಲ.

ಅವಳು ತಕ್ಷಣ ಕುಡಿಯಲಿಲ್ಲ. ಅಂಗೈಯ ನೀರನ್ನು ನೋಡಿದಳು, ಆಮೇಲೆ ಅಮ್ಮನನ್ನು.

"ಇಷ್ಟೇನಾ ಅಮ್ಮ?"

ಸುಚೇತಾ ಕುಂಕುಮದ ಬಟ್ಟಲು ಎತ್ತಿಕೊಂಡು ಒಳಗೆ ಹೋದರು. ಯಾಮಿನಿ ತೀರ್ಥ ಕುಡಿದು, ಒದ್ದೆ ಕೈಯನ್ನು ಜೀನ್ಸಿಗೆ ಒರೆಸಿಕೊಂಡು ಅಡುಗೆಮನೆಗೆ ನಡೆದಳು. ನಾನು ಹಿಂದೆಯೇ ಹೋದೆ. ಅವಳು ಎಡಗೈಯಲ್ಲಿ ಚಾಕು ಹಿಡಿದು ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದಳು. ಒಂದು ಹೋಳು ದಪ್ಪ, ಒಂದು ತೆಳು. ನಾನು ಕೈ ಚಾಚಿದೆ.

"ಬೇಡ ಆಂಟಿ," ಎಂದಳು ತಲೆಯೆತ್ತದೆ. "ಆ ಕೈ ಸರಿಹೋಗುತ್ತೋ ಇಲ್ವೋ. ಈ ಕೈ ಕಲೀಲಿ."